ಕರೆಯಲು ಬಂದ ಹರಿಗೋಲು

"ಹರಿಗೋಲಿನಲ್ಲಿ ಆರಿಸುವುದೇನಿದೆ? ದುಂಡಗಿದ್ದದ್ದೆಲ್ಲ ಹರಿಗೋಲು" ಎಂದು ನಮ್ಮ ಗಂಗಾವತಿ ಸೀಮೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಹೀಗೆ ಹೇಳುವವರಲ್ಲಿ ಬಹುಪಾಲು ಜನ ಎತ್ತು ಮೈತೊಳೆಯಲು ಮೊಣಕಾಲುದ್ದ ಇಳಿದದ್ದು ಬಿಟ್ಟರೆ ಹೊಳೆಯ ಗೋಜಿಗೆ ಹೋದವರಲ್ಲ ಎಂಬುದು ಬೇರೆ ಮಾತು. ಆಡಿದವನನ್ನು ನೋಡಿ ಮಾತನ್ನು ಅಳೆಯಬಾರದು, ಮಾತನ್ನು ಮಾತಿನಿಂದಲೇ ಅಳೆಯಬೇಕು ಎಂದು ನನಗೆ ಕಲಿಸಿದ್ದಾರೆ. ಆದ್ದರಿಂದ ಮಾತನ್ನೇ ಹಿಡಿಯುತ್ತೇನೆ. ಜೋಳದ ರೊಟ್ಟಿಯೂ ದುಂಡಗಿದೆ, ಹೂರಣದ ಹೋಳಿಗೆಯೂ ದುಂಡಗಿದೆ. ಹಾಗೆಂದು ಹೋಳಿಗೆಗೆ ಕೆಂಪು ಮೆಣಸಿನಕಾಯಿಯ ಹಿಂಡಿ ಸವರಿಕೊಂಡು, ಹಸಿ ಉಳ್ಳಾಗಡ್ಡಿ ಕಡಿದುಕೊಂಡು ತಿಂದವನನ್ನು ನೀವು ಕಂಡಿದ್ದೀರಾ? ಕಂಡಿದ್ದರೆ ನಾನು ಸೋತೆ, ಇಲ್ಲಿಗೇ ಓದು ನಿಲ್ಲಿಸಬಹುದು. ಕಂಡಿಲ್ಲವಾದರೆ ದುಂಡಗಿರುವುದರಲ್ಲೂ ಆರಿಸುವುದಿದೆ ಎಂದು ಒಪ್ಪಿದಂತಾಯಿತು.

ಜನ ಹೇಳುವ ಇನ್ನೊಂದು ಮಾತೂ ಇದೆ. ನಾಲ್ಕಕ್ಷರ ಕಲಿತ ಸೊಕ್ಕಿಗೆ ನಾನು ಹರಿಗೋಲು ಕೊಂಡೆನಂತೆ, ನಡೆಸಲು ಬಾರದೆ ಅದನ್ನು ಅಕ್ಕನ ತಲೆಗೆ ಕಟ್ಟಿದೆನಂತೆ. ಇದರಲ್ಲಿ 'ಕೊಂಡೆ' ಎಂಬುದೊಂದು ನಿಜ. 'ನಡೆಸಲು ಬಾರದೆ' ಎಂಬುದೂ ಸ್ವಲ್ಪ ನಿಜ. ಉಳಿದದ್ದೆಲ್ಲ ಚಾವಡಿಯ ಕಟ್ಟೆಯ ಮೇಲೆ ಹುಟ್ಟಿ ಅಲ್ಲೇ ಬೆಳೆದ ಕೂಸು.

ನಡೆದದ್ದು ಹೀಗೆ. ನಮ್ಮ ಮನೆ ಆನೆಗೊಂದಿಯ ಬದಿಗೆ, ಹೊಳೆದಂಡೆಯ ಒಂದು ಹಳ್ಳಿಯಲ್ಲಿ. ನನ್ನ ಅಕ್ಕ ನೀಲವ್ವನನ್ನು ಕೊಟ್ಟದ್ದು ಮೇಲುಹೊಳೆಗೆ, ಹುಲಿಗಿಯ ಆಚೀಚಿನ ಹಳ್ಳಿಗೆ. ಸೊಸೆಯಾದವಳು ತಾನಾಗಿ ತವರಿಗೆ ಹೊರಡುವಂತಿಲ್ಲ. ತವರಿನಿಂದ ಕರೆಯಲು ಬರಬೇಕು. ಇದು ನಮ್ಮ ಪದ್ಧತಿ. ಕರೆಯಲು ಬಂದವರ ಕಾಲಿಗೆ ನೀರು ಕೊಟ್ಟು, ಉಣಬಡಿಸಿ, ಆಮೇಲೆ ಸೊಸೆಗೆ 'ಹೋಗಿ ಬಾ' ಎನ್ನುವುದು ಅತ್ತೆಯ ಅಧಿಕಾರ. ಕರೆಯಲು ಬಂದವರಿಗೆ ನೂರು ನೆಪ ಕಾಯುತ್ತಿರುತ್ತವೆ: ರಾಶಿ ಇದೆ, ಎಮ್ಮೆ ಈಯುವುದಿದೆ, ಅಮಾವಾಸ್ಯೆ ಅಡ್ಡ ಬಂದಿದೆ. ಸೊಸೆಯನ್ನು ತವರಿನಿಂದ ವಾಪಸು ಕರೆದೊಯ್ಯುವ ಗಾಡಿಗೆ ಮಾತ್ರ ರಾಶಿಯೂ ಇಲ್ಲ, ಎಮ್ಮೆಯೂ ಇಲ್ಲ. ಅದು ಹೇಳಿದ ದಿನಕ್ಕಿಂತ ಮೊದಲೇ ಬಂದು ಬಾಗಿಲಲ್ಲಿ ನಿಂತಿರುತ್ತದೆ. ಈ ವಿಷಯದ ಮೇಲೆ ನಾನು ಗುಲ್ಬರ್ಗದ ಸಾಲೆಯ ಬಹಸಿನಲ್ಲಿ, ಅಂದರೆ ಚರ್ಚಾಸ್ಪರ್ಧೆಯಲ್ಲಿ, ಒಮ್ಮೆ ಮಾತಾಡಬೇಕೆಂದಿದ್ದೆ. ಮೇಷ್ಟ್ರು "ಮನೆಯ ಜಗಳ ಸಭೆಗೆ ಬೇಡ" ಎಂದು ನನಗೆ 'ಕತ್ತಿ ಹೆಚ್ಚೋ ಲೇಖನಿ ಹೆಚ್ಚೋ' ಎಂಬ ವಿಷಯ ಕೊಟ್ಟರು.

ನಮ್ಮ ಮನೆಯಲ್ಲಿ ಕರೆಯಲು ಹೋಗುವವನು ನಾನೊಬ್ಬನೇ. ಅಪ್ಪನ ಮೊಣಕಾಲು ಗಾಡಿಯ ಕುಲುಕಾಟ ತಡೆಯುವುದಿಲ್ಲ. ಕಳೆದ ಪಂಚಮಿಗೆ ನನಗೆ ಪರೀಕ್ಷೆ ಅಡ್ಡ ಬಂತು. ನಾನು ಹೋಗಲಿಲ್ಲ, ಅಕ್ಕ ಬರಲಿಲ್ಲ. ಅವಳಿಗೆಂದು ಬೇವಿನ ಮರಕ್ಕೆ ಕಟ್ಟಿದ ಜೋಕಾಲಿಯಲ್ಲಿ ಓಣಿಯ ಮಕ್ಕಳೆಲ್ಲ ಜೀಕಿದರು, ಅವ್ವ ಮಾತ್ರ ಅತ್ತ ಮುಖ ತಿರುಗಿಸಲಿಲ್ಲ. ಇನ್ನು ನಾನು ವಕೀಲಿ ಓದಲು ಹೈದರಾಬಾದಿಗೆ ಹೊರಡುವವನು. ನಾನು ಹೋದ ಮೇಲೆ ಕರೆಯುವವರಿಲ್ಲ, ಕರೆಯುವವರಿಲ್ಲದಿದ್ದರೆ ಅಕ್ಕನಿಗೆ ತವರಿಲ್ಲ. ಲೆಕ್ಕ ಇಷ್ಟು ಸರಳವಾಗಿತ್ತು.

ಕಾರ್ತಿಕದಲ್ಲಿ ಅವಳನ್ನು ನೋಡಲು ಹೋದಾಗ ಹಿತ್ತಲಲ್ಲಿ ನಿಂತು ಇದನ್ನೇ ಹೇಳಿದೆ. ಅವಳು ಸೆಗಣಿ ಕೈಯನ್ನು ಸೊಂಟಕ್ಕೆ ತಾಗದಂತೆ ಹಿಡಿದುಕೊಂಡು ಕೇಳಿದಳು:

"ತಮ್ಮಾ, ಕರಿಯಾಕ ಬರಬೇಕು ಅಂತೈತಿ ಪದ್ಧತಿ. ಮನಷ್ಯಾನ ಬರಬೇಕು ಅಂತ ಎಲ್ಲಿ ಐತಿ?"

"ಮತ್ತೇನು ಎತ್ತು ಬರಬೇಕೇನಕ್ಕಾ?"

"ಹರಗೋಲ ಬರಲಿ. ಒಂದಾಳಿನ ಹರಗೋಲ ನಮ್ಮ ಅಂಗಳದಾಗ ತಂದು ಇಡು. ತವರಿಂದ ಬಂದದ್ದು ಅದು. ಅದು ಬಾಗಿಲದಾಗ ಇದ್ರ ದಿನಾ ಕರದಂಗ. ನನಗ ಬೇಕಾದಾಗ ಹತ್ತಿ ಬರತೀನಿ. ತಿರುಗಿ ಒಯ್ಯಾಕ ಹೆಂಗೂ ಇವರ ಗಾಡಿ ಬರತೈತಿ, ಹರಗೋಲ ಅದರ ಮ್ಯಾಲ ಬರತೈತಿ. ಹೊಳಿ ನಿಮ್ಮನಿ ಮುಂದ ಹಾಯತೈತಿ, ನಮ್ಮನಿ ಮುಂದ ಹಾಯತೈತಿ. ಅದಕ್ಕ ಯಾರೂ ಕರಿಯಾಕ ಹೋಗೂದಿಲ್ಲ."

"ಒಬ್ಬಾಕಿನ ಬರತಿ?"

"ನಿನಗ ಈಜು ಕಲಿಸಿದಾಕಿ ಯಾರಲೇ, ವಕೀಲಾ?"

ಅಷ್ಟರಲ್ಲಾಗಲೇ ನನ್ನ ತಲೆಯೊಳಗೆ ಹರಿಗೋಲು ತಿರುಗಲು ಶುರುವಾಗಿತ್ತು. ಆ ವಾರವೆಲ್ಲ ನನಗಿದ್ದ ಉಮೇದು ಹೆಣ್ಣು ನೋಡಲು ಹೊರಟ ಗಂಡಿಗೂ ಇರಲಾರದು. ಅವನಿಗೆ ತೋರಿಸುವುದು ಒಂದೇ ಹೆಣ್ಣು. ನನ್ನ ಮುಂದೆ ಎರಡಿದ್ದವು.

ಆ ಎರಡೂ ತೊಗಲಿನ ವ್ಯಾಪಾರಿ ಹುಸೇನಸಾಬರ ಅಂಗಳದಲ್ಲಿ ಬೋರಲು ಬಿದ್ದಿದ್ದವು. ನಮ್ಮಲ್ಲಿ ಹರಿಗೋಲನ್ನು ಮೊಳ ಹಾಕಿ ಹೇಳುವುದಿಲ್ಲ, ಎಮ್ಮೆ ಹಾಕಿ ಹೇಳುತ್ತಾರೆ. ಬಿದಿರಿನ ಹೆಣಿಗೆಗೆ ಒಂದೇ ಎಮ್ಮೆಯ ತೊಗಲು ಸಾಕಾದರೆ ಅದು ಒಂದೆಮ್ಮೆಯ ಹರಿಗೋಲು. ಎರಡು ತೊಗಲು ಸೇರಿಸಿ ಹೊಲಿದರೆ ಎರಡೆಮ್ಮೆಯದು. ಎರಡನ್ನೂ ಒಬ್ಬರೇ ನಡೆಸಬಹುದು. ಒಂದೆಮ್ಮೆಯದು ಗಡಿಗೆಯ ಕೆಳಗಿನ ಅರ್ಧವನ್ನು ಕೊಯ್ದಿಟ್ಟಂತೆ ಆಳ, ತಳ ಉಬ್ಬು, ಅಂಚು ಎತ್ತರ. ಚಕ್ಕಳಮಕ್ಕಳ ಹಾಕಿ ಕುಳಿತರೆ ಮೊಣಕಾಲು ಎರಡೂ ಕಡೆ ತಾಗುತ್ತದೆ. ಹುಟ್ಟನ್ನು ನೀರಿಗೆ ಮುಟ್ಟಿಸಿದರೆ ಸಾಕು, ತಿರುಗಿ ನಿಲ್ಲುತ್ತದೆ. ಎರಡೆಮ್ಮೆಯದು ಹಿಟ್ಟು ನಾದುವ ಪರಾತದಂತೆ ಅಗಲ, ತಳ ಸಪಾಟು. ಗೇಣು ನೀರಿದ್ದರೂ ತೇಲುತ್ತದೆ. ಹಾಸಿಗೆ, ಬುತ್ತಿ, ಒಲೆ, ಬೇಕಾದರೆ ಒಂದು ಆಡು, ಎಲ್ಲವನ್ನೂ ಹೇರಿಕೊಂಡು ದಿನಗಟ್ಟಲೆ ಹೊಳೆಯ ಜೊತೆ ಹೋಗುತ್ತಲೇ ಇರಬಹುದು. ಒಂದು ಬಂಡೆಗಳ ನಡುವಿನ ಸೆಳವಿಗೆ, ಇನ್ನೊಂದು ದೂರದ ಪಯಣಕ್ಕೆ.

"ಸಾಹೇಬರ, ಈ ಸಣ್ಣದು ಬಂಡಿಗೆ ಬಡದ್ರ ಚೆಂಡಿನಂಗ ಪುಟಿತೈತ್ರಿ" ಎಂದರು ಹುಸೇನಸಾಬರು, ಅದರ ಬೆನ್ನು ತಟ್ಟಿ.

"ಮತ್ತ ಆ ದೊಡ್ಡದು?"

"ಅದು ನವಾಬರಂಗ್ರಿ. ಲೋಡಿಗೆ ಆತುಕೊಂಡು ಹೋಗಬೇಕು, ಅಷ್ಟ."

"ಎರಡರಾಗ ಯಾವುದು ಛಲೋ?"

"ಎರಡೂ ಛಲೋರಿ."

"ಎರಡೂ ಛಲೋ ಅಂದ್ರ ಅದು ಜವಾಬಲ್ಲ, ಸಾಬರ. ನಿಮಗ ಯಾವುದು ಮಾರಬೇಕು ಅಂತ ಐತಿ?"

"ನೀವು ಯಾವುದು ಒಯ್ಯತೀರೋ ಅದು!"

ಇಂಥ ಎದುರಾಳಿಯೊಡನೆ ವಾದ ನಡೆಯುವುದಿಲ್ಲ. ಆದ್ದರಿಂದ ನಾನು ನನ್ನೊಡನೆಯೇ ವಾದಿಸಬೇಕಾಯಿತು. ಇಲ್ಲಿ ಬಹಸಿನ ತಾಲೀಮು ಎಂಥ ಕುತ್ತು ತರುತ್ತದೆ ನೋಡಿ. ಚೀಟಿ ಎತ್ತಿ ಯಾವ ಪಕ್ಷ ಬಂದರೂ ಗೆಲ್ಲುವಂತೆ ಮಾತಾಡಲು ನಮಗೆ ಕಲಿಸಿದ್ದರು. ಹೀಗೆ ಕಲಿತವನು ಯಾವ ಪಕ್ಷದಲ್ಲೂ ನಿಲ್ಲಲಾರ. ಒಂದೆಮ್ಮೆಯದರ ಪರವಾಗಿ ನಾನು ಮಾಡಿದ ಭಾಷಣ ಕೇಳಿದ್ದರೆ ನೀವು ಅದನ್ನೇ ಕೊಳ್ಳುತ್ತಿದ್ದಿರಿ. ಎರಡೆಮ್ಮೆಯದರ ಪರವಾದ ಭಾಷಣ ಕೇಳಿದ್ದರೆ ಮೊದಲಿನದನ್ನು ಹಿಂದಿರುಗಿಸಲು ಓಡುತ್ತಿದ್ದಿರಿ. ಮಾತಿನ ಭರದಲ್ಲಿ ನಾನು ಎರಡರಲ್ಲೂ ಕುಳಿತು ನೋಡಿದೆ. ಒಣ ಅಂಗಳದಲ್ಲಿ, ಹುಟ್ಟು ಹಿಡಿದು, ಧೂಳನ್ನು ಹಿಂದಕ್ಕೆ ತಳ್ಳುತ್ತ. ಸಾಬರ ಕೋಳಿಗಳು ಗೋಡೆ ಹಾರಿದವು. ಬೀದಿಯಲ್ಲಿ ಹೋಗುತ್ತಿದ್ದವರು ನಿಂತು, "ಎಲ್ಲಿ ತನಕ ಬಂತ್ರಿ ಹೊಳಿ?" ಎಂದು ಕೇಳಿ ಮುಂದೆ ಹೋದರು.

ಹೆಸರಿನ ಜಾಡು ಹಿಡಿದರೆ ಏನಾದರೂ ದಾರಿ ಸಿಗಬಹುದೇ ಎಂದೂ ಯೋಚಿಸಿದೆ. ನಮ್ಮ ಸಾಲೆಯ ಶಾಸ್ತ್ರಿಗಳು 'ಹರಿಗೋಲು' ಎಂದರೆ ಹರಿಯು ನಡೆಸುವ ಕೋಲು, ಭವಸಾಗರ ದಾಟಿಸುವುದು ಎಂದು ಕೈಮುಗಿಯುತ್ತಿದ್ದರು. ವ್ಯಾಕರಣದ ಮೇಷ್ಟ್ರು ಅದನ್ನು ಒಪ್ಪರು: ಹರಿ ಎಂದರೆ ಹರಿಯುವುದು, ಕೋಲು ಎಂದರೆ ಕೋಲು, ಇಲ್ಲಿ ದೇವರಿಗೇನೂ ಕೆಲಸವಿಲ್ಲ. ಇಬ್ಬರೂ ಮರೆತದ್ದು ಒಂದಿದೆ. ಯಾರ ಅರ್ಥ ಹಿಡಿದರೂ ಹೆಸರಿನಲ್ಲಿ ಕೋಲಿದೆ, ಹರಿವಿದೆ, ಆದರೆ ಮನುಷ್ಯ ಕುಳಿತುಕೊಳ್ಳುವ ಬುಟ್ಟಿಯೇ ಇಲ್ಲ! ಇಷ್ಟೊಂದು ತೊಗಲು, ಬಿದಿರು, ಹೊಲಿಗೆ, ಹುಸೇನಸಾಬರ ಬಾಯಿಮಾತು ಯಾವುದಕ್ಕೂ ಹೆಸರಿನಲ್ಲಿ ಜಾಗ ಸಿಕ್ಕಿಲ್ಲ. ಇಂಥ ಹೆಸರಿನಿಂದ ಎಮ್ಮೆ ಒಂದೋ ಎರಡೋ ಎಂಬುದು ತೀರ್ಮಾನವಾಗುವ ಹಾಗಿರಲಿಲ್ಲ.

ಕೊನೆಗೆ ಎರಡನ್ನೂ ನೀರಿಗೆ ಇಳಿಸಿದೆ. ಮೊದಲು ದೊಡ್ಡದು. ಆಹಾ, ಅದರ ಠೀವಿ! ಹೊಳೆ ಅಗಲವಾಗಿ ನಿಂತ ಜಾಗದಲ್ಲಿ ಅದು ಅಲುಗದೆ, ಕುಲುಕದೆ, ಹಬ್ಬದ ದಿನ ಗೌಡರು ನಡೆದಂತೆ ಹೊರಟಿತು. ನಾನು ಹುಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಆಕಾಶ ನೋಡುತ್ತ ಮನಸ್ಸಿನಲ್ಲೇ ಕಂಪ್ಲಿ ದಾಟಿದೆ, ಸಿರುಗುಪ್ಪ ದಾಟಿದೆ, ಕೃಷ್ಣೆಯನ್ನು ಕೂಡುವ ತನಕ ಹೋಗಿ ಅಲ್ಲಿ ಅನ್ನ ಬೇಯಿಸಿಕೊಂಡೆ. ಅಷ್ಟರಲ್ಲಿ ಗಾಳಿ ಅದರ ಅಗಲವನ್ನು ಹಿಡಿಯಿತು. ನಿಜಾಮರ ಪ್ರಜೆಯಾಗಿ ದಂಡೆ ಬಿಟ್ಟವನು ಇಂಗ್ಲಿಷರ ದಂಡೆಗೆ ಹೋಗಿ ಮುಟ್ಟಿದೆ. ಅಲ್ಲಿ ಮರದ ಕೆಳಗೆ ಕೂತಿದ್ದ ಸುಂಕದ ನಾಕೆಯ ಜವಾನ ಎದ್ದು ಬಂದ.

"ಏನು ಮಾಲು ತಂದೀ?"

"ಏನೂ ಇಲ್ರಿ. ನಾನ ಒಬ್ಬಾವ."

"ಮತ್ತ ಯಾಕ ಬಂದೀ?"

"ನಾ ಬಂದಿಲ್ರಿ. ಗಾಳಿ ತಂದೈತಿ."

ಅವನು ನನ್ನನ್ನೂ ಗಾಳಿಯನ್ನೂ ನೋಡಿ, ಇಬ್ಬರ ಮೇಲೂ ಸುಂಕ ಹಾಕುವ ದಾರಿ ಕಾಣದೆ ಹೋಗೆಂದ.

ಸಣ್ಣದನ್ನು ಮೇಲ್ಗಡೆ ಬಂಡೆಗಳ ನಡುವೆ ಬಿಟ್ಟೆ. ಬಿಟ್ಟೆ ಎನ್ನುವುದು ಸುಳ್ಳು. ಅದೇ ನನ್ನನ್ನು ಎತ್ತಿಕೊಂಡು ಓಡಿತು. ಆನೆಗಾತ್ರದ ಬಂಡೆಯೊಂದು ಎದುರಿಗೆ ಬಂತು, ಇನ್ನೇನು ಹಣೆಗೆ ಹಣೆ ಎನ್ನುವಾಗ ನಾನು ಹುಟ್ಟನ್ನು ಮುಂದೆ ಚಾಚಿ ನೀರನ್ನು ನನ್ನ ಕಡೆಗೆ ಎಳೆದುಕೊಂಡೆ. ಹರಿಗೋಲು ಗಿರ್ರನೆ ತಿರುಗಿತು, ಬಂಡೆಗೆ ಪಕ್ಕೆಲುಬು ಉಜ್ಜಿತು, ಪುಟಿಯಿತು, ಬಂಡೆ ಹಿಂದಾಯಿತು! ದಂಡೆ, ಬಂಡೆ, ಆಕಾಶ, ಮತ್ತೆ ದಂಡೆ; ಎಲ್ಲ ಒಂದರ ಹಿಂದೆ ಒಂದು ಸುತ್ತು ಬಂದವು. ನೀರು ಅಂಚಿನ ಹೊರಗೆ ಬೊಬ್ಬೆ ಹೊಡೆಯುತ್ತಿತ್ತು, ಒಳಗೆ ನಾನು ಹೊಡೆಯುತ್ತಿದ್ದೆ. ಕೆಳಗೆ ಸಮನೀರಿಗೆ ಬಂದದ್ದೇ ತಡ, ಹರಿಗೋಲನ್ನು ತಲೆಯ ಮೇಲೆ ಹೊತ್ತುಕೊಂಡು ಮೇಲಕ್ಕೆ ಓಡಿ ಮತ್ತೊಮ್ಮೆ ಇಳಿದೆ. ಮತ್ತೊಮ್ಮೆ. ಹುಲಿಗಿಯಿಂದ ಆನೆಗೊಂದಿಗೆ ಹೊಳೆ ಬರುವುದೇ ಬಂಡೆಯಿಂದ ಬಂಡೆಗೆ. ಅಕ್ಕ ಬರಬೇಕಾದದ್ದು ಆ ದಾರಿಯಲ್ಲಿ. ಎರಡೆಮ್ಮೆಯ ಪರವಾಗಿ ನಾನು ಮಾಡಿದ ಉತ್ತಮ ಭಾಷಣ ಅಲ್ಲೇ ನೀರುಪಾಲಾಯಿತು. ಒಂದೆಮ್ಮೆಯದನ್ನು ಮನೆಗೆ ತಂದೆ.

"ತೊಗಲು ಒಳಗ ಬ್ಯಾಡ" ಎಂದು ಅವ್ವ ಹೊಸ್ತಿಲಲ್ಲಿ ಅಡ್ಡ ನಿಂತಳು. ಕೊಟ್ಟಿಗೆಯಲ್ಲಿಟ್ಟೆ. ನಮ್ಮ ಎಮ್ಮೆ ಅದನ್ನು ಬಹಳ ಹೊತ್ತು ಮೂಸಿ, ಯಾರೋ ಗುರುತಿನವರೆಂಬಂತೆ ನಿಟ್ಟುಸಿರು ಬಿಟ್ಟಿತು. ಹೊರಡುವ ದಿನ ಮಾತ್ರ ಅವ್ವ ತಾನೇ ಕೊಟ್ಟಿಗೆಗೆ ಬಂದು, ಮಡಿ ಮೈಲಿಗೆ ಯಾವುದನ್ನೂ ಎತ್ತದೆ, ಅದರ ಅಂಚಿಗೆ ಅರಿಶಿನ ಕುಂಕುಮ ಹಚ್ಚಿ, ಒಳಗೊಂದು ಕುಪ್ಪಸದ ಕಣ ಇಟ್ಟಳು. ಎಳ್ಳಮಾಸಿ, ಅಂದರೆ ಎಳ್ಳ ಅಮಾವಾಸ್ಯೆ, ಹತ್ತಿರ ಬಂದಿತ್ತು. ಹೊಲದಲ್ಲಿ ಭೂಮಿತಾಯಿಗೆ ಎಡೆಯ ಚರಗ ಚೆಲ್ಲುವ ಹೊತ್ತಿಗೆ ಅಕ್ಕ ಬರಬೇಕು ಎಂಬುದು ಅವಳ ಆಸೆ.

ಹರಿಗೋಲನ್ನು ಗಾಡಿಯ ಮೇಲೆ ಬೋರಲು ಹಾಕಿಕೊಂಡು ಅಕ್ಕನ ಊರಿಗೆ ಹೋದೆ. ಅವಳ ಅತ್ತೆ ಸಂಗವ್ವ ಕಟ್ಟೆಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತಿದ್ದರು. ಎತ್ತರದ ಆಳು, ಅದಕ್ಕಿಂತ ಎತ್ತರದ ದನಿ. ಭಾವ ಒಳ್ಳೆಯವನೇ, ಆದರೆ ತಾಯಿಯ ಮುಂದೆ ಅವನು ಬಾಯಿ ತೆರೆಯುವುದು ತುತ್ತಿಗೆ ಮಾತ್ರ.

"ಬಾರಪಾ ಬೀಗರ ಹುಡುಗಾ" ಎಂದರು ಸಂಗವ್ವ. "ಕರಿಯಾಕ ಬಂದ್ಯಾ?"

ಹೌದೆನ್ನುವುದು ಸುಲಭವಿತ್ತು. ಹೌದೆಂದರೆ ಅಕ್ಕನನ್ನು ಗಾಡಿಯಲ್ಲಿ ಕೂರಿಸಿಕೊಂಡು ಬರಬಹುದಿತ್ತು, ಈ ಸಲಕ್ಕೆ. ಆದರೆ ಮುಂದಿನ ಪಂಚಮಿಗೆ ನಾನು ಹೈದರಾಬಾದಿನಲ್ಲಿರುತ್ತೇನೆ. ಹರಿಗೋಲು ಕರೆಯಿತೆಂದು ಇಂದು ಒಪ್ಪಿಸದಿದ್ದರೆ ಎಂದಿಗೂ ಒಪ್ಪಿಸಲಾಗದು. ಅಂದರೆ, ಆ ಅಂಗಳದಲ್ಲಿ ಎರಡು ಕಾಲ ಮೇಲೆ ನಿಂತುಕೊಂಡು, ನಾನು ಬಂದೇ ಇಲ್ಲವೆಂದು ನಾನು ಸಾಬೀತುಮಾಡಬೇಕಿತ್ತು.

"ಇಲ್ರಿ ಅತ್ತಿ. ನಾ ಬಂದಿಲ್ಲ."

ಅವರೆಕಾಯಿ ನಿಂತಿತು. "ಏನಂದಿ?"

"ನಾ ಬರೇ ಗಾಡಿ ಹೊಡಿಯಾವ್ರಿ. ಕರಿಯಾಕ ಬಂದದ್ದು ಇದು. ತವರಿನ ಅರಿಶಿನ ಕುಂಕುಮ ಇದರ ಮೈಮ್ಯಾಲ ಐತಿ, ಕುಪ್ಪಸದ ಕಣ ಇದರ ಹೊಟ್ಟ್ಯಾಗ ಐತಿ. ನನ್ನ ಕೈಯಾಗ ಏನೂ ಇಲ್ಲ, ನೋಡ್ರಿ."

"ಹಂಗಾರ ಕಾಲಿಗೆ ನೀರು ಯಾರಿಗೆ ಕೊಡ್ಲಿ?"

"ಅದಕ್ಕ ಕೊಡ್ರಿ."

"ಹೊಳ್ಯಾಗ ಇರೂದು, ಅದಕ್ಕ ನೀರ ಕಮ್ಮಿ ಆಗೇತೇನೋ!"

ಅಂಗಳದಲ್ಲಿ ನೆರೆದವರೆಲ್ಲ ನಕ್ಕರು. ನಾನು ಮುಂದುವರಿದು, ಬರುವುದು ಎಂದರೇನು, ತರುವುದು ಎಂದರೇನು, ತಂದವನು ಬಂದವನಾಗುತ್ತಾನೆಯೇ ಎಂದು ಮೂರು ಕಡೆಯಿಂದ ವಾದ ಹೂಡಿದೆ. ಸಭೆಯಲ್ಲಾಗಿದ್ದರೆ ಚಪ್ಪಾಳೆ ಬೀಳುತ್ತಿತ್ತು. ಸಂಗವ್ವ ಎಲ್ಲವನ್ನೂ ಕೇಳಿ, "ಬರಲಾರದವರಿಗೆ ರೊಟ್ಟಿ ಹಾಕೂ ಪದ್ಧತಿ ನಮ್ಮನ್ಯಾಗಿಲ್ಲ" ಎಂದು ಒಳಗೆ ಹೋದರು. ಎಲ್ಲರೂ ಉಣ್ಣಲು ಕೂತರು. ಎಣಗಾಯಿಯ ವಾಸನೆ ಅಂಗಳಕ್ಕೆ ಬಂದು ನನ್ನನ್ನು ಸುತ್ತು ಹಾಕಿ ಒಳಗೆ ಹೋಯಿತು. ತರ್ಕ ಇಷ್ಟು ತುಟ್ಟಿಯೆಂದು ನನಗೆ ಯಾರೂ ಹೇಳಿರಲಿಲ್ಲ. ಬಾಗಿಲ ಸಂದಿಯಲ್ಲಿ ಅಕ್ಕ ಸೆರಗನ್ನು ಹಲ್ಲಿನಲ್ಲಿ ಕಚ್ಚಿ ನಗು ತಡೆಯುತ್ತಿದ್ದಳು. ಕಣ್ಣು ಮಾತ್ರ ನಗುತ್ತಿರಲಿಲ್ಲ. 'ಬಂದೆ' ಎಂದು ಹಸಿವಿಗೆ ಸೋತುಬಿಟ್ಟೀಯೆ ಎಂದು ಅವು ಕೇಳುತ್ತಿದ್ದವು. ನಾನು ಗಾಡಿಯ ಗಾಲಿಗೆ ಒರಗಿ, ಬಾರದವನು ಕೂರುವಂತೆ ಕೂತೆ.

ಊಟ ಮುಗಿದ ಮೇಲೆ ಸಂಗವ್ವ ಗಂಗಾಳ ಹಿಡಿದು ಹೊರಗೆ ಬಂದರು. ರೊಟ್ಟಿ, ಎಣಗಾಯಿ, ಮೇಲೊಂದು ಬೆಣ್ಣೆಯ ಉಂಡೆ. ನನ್ನ ಮುಂದೆಯೇ ಹಾದು, ನನ್ನ ಕಡೆ ನೋಡದೆ, ಗಂಗಾಳವನ್ನು ಹರಿಗೋಲಿನ ಮುಂದೆ ಇಟ್ಟು, ಪಕ್ಕದಲ್ಲಿ ಒಂದು ತಂಬಿಗೆ ನೀರನ್ನೂ ಇಟ್ಟರು.

"ಬೀಗರ ಮನಿಯಿಂದ ಬಂದದ್ದು ಉಪಾಸ ಹೋಗಬಾರದು" ಎಂದರು. ಆಮೇಲೆ ಒಳಕ್ಕೆ ಕೂಗಿದರು: "ನೀಲವ್ವಾ, ಗಂಟು ಕಟ್ಟಿಕೋ. ತವರಿಂದ ಕರಿಯಾಕ ಬಂದೈತಿ."

ನನಗೆ ಎದ್ದು ಕುಣಿಯಬೇಕೆನ್ನಿಸಿತು. ಬಾರದವನು ಕುಣಿಯುವುದು ಹೇಗೆ ಎಂದು ಸುಮ್ಮನಾದೆ. ಸಂಗವ್ವ ನನ್ನತ್ತ ತಿರುಗಿ, "ಅದು ತಿನ್ನಂಗಿಲ್ಲ, ಬಿಡು. ಅದರ ಗಾಡಿಯಾವ ತಿನ್ನಲಿ" ಎಂದರು. ಅಷ್ಟು ರುಚಿಯಾದ ರೊಟ್ಟಿಯನ್ನು ನಾನು ನಿಜವಾಗಿ ಬಂದಾಗಲೂ ಆ ಮನೆಯಲ್ಲಿ ತಿಂದಿರಲಿಲ್ಲ.

ಮರುದಿನ ಬಿಸಿಲೇರುವ ಮುಂಚೆ ದಂಡೆಗೆ ಹೋದೆವು. ಸಂಗವ್ವ ಹರಿಗೋಲನ್ನು ಬೋರಲು ಹಾಕಿಸಿ, ಹೊಲಿಗೆಯ ಮೇಲೆ ಬೆರಳಾಡಿಸಿ, ತಳಕ್ಕೆ ಎರಡು ಗುದ್ದಿ, ಸದ್ದು ಕೇಳಿದರು.

"ಒಂದೆಮ್ಮಿದು ತಂದೀ. ಇಲ್ಲಿಂದ ಆನಿಗೊಂದಿ ತನಕ ಇದ ಬರಾಬರಿ. ಕಂಪ್ಲಿ ದಾಟಿದ ಮ್ಯಾಲ ನಡಿಯಂಗಿಲ್ಲ. ಅಲ್ಲಿ ಹೊಳಿ ಅಗಲಾಗತೈತಿ, ನಿಂತ ನೀರಿನ್ಯಾಗ ಇದು ಬುಗುರಿಯಂಗ ನಿಂತಲ್ಲೇ ತಿರಗತೈತಿ. ಅಲ್ಲಿಗೆ ಎರಡೆಮ್ಮಿದ ಬೇಕು, ಅದೂ ಮುಂಜಾನೆ ಗಾಳಿ ಏಳೂದರೊಳಗ ಹೋಗಬೇಕು."

ನಾನು ಒಂದು ವಾರ ನನ್ನೊಡನೆ ಕಾದಾಡಿ ಪಡೆದ ತೀರ್ಪನ್ನು ಅವರು ಎಲೆ ಅಡಿಕೆ ಅಗಿಯುತ್ತ ಹೇಳಿದ್ದರು. ಗಾಳಿಯ ವಿಷಯವನ್ನಂತೂ ಇಂಗ್ಲಿಷರ ದಂಡೆಗೆ ಹೋಗದೆಯೇ. ನಿಮಗೆ ಹೇಗೆ ಗೊತ್ತೆಂದು ಕೇಳಬೇಕೆನ್ನುವಷ್ಟರಲ್ಲಿ ಅಕ್ಕ ಕಚ್ಚೆ ಹಾಕಿ, ಗಂಟನ್ನು ಕಾಲ ನಡುವೆ ಇಟ್ಟುಕೊಂಡು ಕುಳಿತಾಗಿತ್ತು. ಸೆಳವು ಹರಿಗೋಲನ್ನು ಹಿಡಿಯಿತು. ಮೊದಲ ಬಂಡೆಯ ಹತ್ತಿರ ಅವಳು ಹುಟ್ಟನ್ನು ಪಕ್ಕಕ್ಕೆ ಹಾಕಿದಳು, ಹರಿಗೋಲು ವಾಲಿತು.

"ಎದುರಿಗೆ ಹಾಕು! ಬಗಲಿಗೆ ಬ್ಯಾಡ, ಎದುರಿಗೆ! ನೀರು ನಿನ್ನ ಕಡಿ ಎಳಕೋ!"

ಕೂಗಿದ್ದು ನಾನಲ್ಲ. ಸಂಗವ್ವ ಸೀರೆ ಎತ್ತಿ ಕಟ್ಟಿ ಮೊಣಕಾಲು ನೀರಿನಲ್ಲಿ ನಿಂತಿದ್ದರು. ಎರಡೂ ಕೈ ಮುಂದೆ ಚಾಚಿ, ಇಲ್ಲದ ಹುಟ್ಟನ್ನು ಹಿಡಿದು ಗಾಳಿಯನ್ನು ಎದೆಯ ಕಡೆಗೆ ಎಳೆದುಕೊಳ್ಳುತ್ತಿದ್ದರು. ಅಕ್ಕ ಕೇಳಿಸಿಕೊಂಡಳು. ಹುಟ್ಟು ಮುಂದಕ್ಕೆ ಬಂತು. ಹರಿಗೋಲು ಒಂದು ಸುತ್ತು ತಿರುಗಿ, ಬಂಡೆಯನ್ನು ಸವರಿಕೊಂಡು, ಎರಡು ಬಂಡೆಗಳ ನಡುವಿನ ಬಿಳಿನೀರಿನಲ್ಲಿ ಚಿಮ್ಮಿ ಆಚೆ ಹೋಯಿತು. ಅಲ್ಲಿಂದ ಅವಳ ನಗು ಕೇಳಿಸಿತು. ಚಿಕ್ಕಂದಿನಲ್ಲಿ ನನ್ನನ್ನು ನೀರಿಗೆ ತಳ್ಳಿ ನಗುತ್ತಿದ್ದ ಅದೇ ನಗು. ಮುಂದಿನ ತಿರುವಿನಲ್ಲಿ ಹರಿಗೋಲು ಮರೆಯಾಯಿತು.

ನಾನು ಎತ್ತು ಹೂಡಲು ಹೋದೆ. ಸಂಗವ್ವ ನೀರಿನಿಂದ ಮೇಲೆ ಬರಲಿಲ್ಲ. ಅವರು ನೋಡುತ್ತಿದ್ದುದು ಅಕ್ಕ ಹೋದ ತಿರುವನ್ನಲ್ಲ, ಅದಕ್ಕೂ ಆಚೆ, ಕಂಪ್ಲಿ ದಾಟಿ ಹೊಳೆ ಅಗಲವಾಗುವ ಕೆಳಸೀಮೆಯ ದಿಕ್ಕನ್ನು. ಇಷ್ಟು ವರ್ಷಗಳಿಂದ ಆ ಮನೆಗೆ ಹೋ‌ಗಿ ಬಂದು ಮಾಡುತ್ತಿದ್ದೇನೆ. ಆಕೆಯ ತವರಿನ ಹೆಸರನ್ನು ಯಾರೂ ಎತ್ತಿದ್ದು ನಾನು ಕೇಳಿಲ್ಲ. ನನಗೂ ಕೇಳಬೇಕೆಂದು ಹೊಳೆದಿರಲಿಲ್ಲ. ಅತ್ತೆಯೆಂದರೆ ತಡೆಯುವವಳು ಎಂಬ ಪಕ್ಷ ಹಿಡಿದು ವಾದಿಸುತ್ತಿದ್ದೆನಲ್ಲ, ಆ ಪಕ್ಷಕ್ಕೆ ಇದು ಬೇಕಿರಲಿಲ್ಲ.

ನೊಗ ಹಾಗೆಯೇ ಬಿಟ್ಟು ದಂಡೆಗೆ ಬಂದೆ. ಗೆಲ್ಲಲು ಕೇಳುವ ಪ್ರಶ್ನೆಗಳು ನನ್ನಲ್ಲಿ ಬೇಕಾದಷ್ಟಿದ್ದವು. ಇದು ಅವುಗಳ ಸಾಲಿನದಲ್ಲ.

"ಸಂಗವ್ವತ್ತೀ, ನಿಮ್ಮನ್ನ ಕರಿಯಾಕ ಯಾರು ಬರಬೇಕ್ರಿ?"